ಮನುಷ್ಯರ ಲಾಡಿಹುಳುಗಳು: ಪ್ರಭೇದ ಪತ್ತೆಯ ಪ್ರಶ್ನೆ

ಲಾಡಿಹುಳುಗಳು ಬೆನ್ನೆಲುಬಿರುವ ಪ್ರಾಣಿಗಳ ಕರುಳಿನಲ್ಲಿ ಬೆಳೆಯುವ ಚಪ್ಪಟೆ ಮೈಯ ಪರಾವಲಂಬಿಗಳು. ಇವಕ್ಕೆ ಬಾಯಿಯೂ ಇಲ್ಲ, ಕರುಳೂ ಇಲ್ಲ. ಆಶ್ರಯ ಕೊಟ್ಟ ಪ್ರಾಣಿ ಜೀರ್ಣಿಸಿಕೊಂಡ ಆಹಾರವನ್ನು ಮೈಯ ಹೊರಪದರದಿಂದಲೇ ಹೀರಿಕೊಳ್ಳುತ್ತವೆ. ಒಂದೆರಡು ಮಿಲಿಮೀಟರಿನೊಳಗಿನ ತಲೆ ಕರುಳಿನ ಗೋಡೆಗೆ ಕಚ್ಚಿಕೊಂಡಿರುತ್ತದೆ. ಅದರ ಹಿಂದಿನ ಕುತ್ತಿಗೆಯಲ್ಲಿ ಹೊಸ ಖಂಡಗಳು ಹುಟ್ಟುತ್ತಲೇ ಇರುತ್ತವೆ. ಹಳೆಯವು ಹಿಂದಕ್ಕೆ ಸರಿಯುತ್ತ ಬಲಿತು, ಮೊಟ್ಟೆ ತುಂಬಿಕೊಂಡು, ಕಳಚಿ ಮಲದೊಡನೆ ಹೊರಬೀಳುತ್ತವೆ. ಮನುಷ್ಯರಲ್ಲಿ ಕಾಣಿಸಿಕೊಳ್ಳುವ ಲಾಡಿಹುಳುಗಳಲ್ಲಿ ಹಂದಿಮಾಂಸದಿಂದ ಬರುವ ಟೀನಿಯಾ ಸೋಲಿಯಂ, ದನದ ಮಾಂಸದಿಂದ ಬರುವ ಟೀನಿಯಾ ಸ್ಯಾಜಿನೇಟ, ಹಂದಿಯ ಯಕೃತ್ತಿನಿಂದ ಬರುವ ಟೀನಿಯಾ ಏಷಿಯಾಟಿಕ, ಮಕ್ಕಳಲ್ಲಿ ಹೆಚ್ಚಾಗಿರುವ ಕುಬ್ಜ ಲಾಡಿಹುಳು, ಮೀನಿನ ಲಾಡಿಹುಳು ಮುಖ್ಯವಾದವು. ರೋಗಿಯ ಹೊಟ್ಟೆಯಲ್ಲಿರುವುದು ಇವುಗಳಲ್ಲಿ ಯಾವುದು ಎಂದು ಕಂಡುಹಿಡಿಯುವುದನ್ನು ಪ್ರಾಣಿಶಾಸ್ತ್ರಜ್ಞರ ಕುತೂಹಲವೆಂದು ಬದಿಗಿಟ್ಟು, ಮಾತ್ರೆ ಕೊಟ್ಟು ಕಳಿಸುವ ರೂಢಿ ನಮ್ಮಲ್ಲಿದೆ. ಆ ರೂಢಿ ತಪ್ಪು ಎಂಬುದು ಈ ಲೇಖನದ ನಿಲುವು. ಪ್ರಭೇದದ ಹೆಸರು ಬೇಕಾಗಿರುವುದು ಹುಳು ಹೊತ್ತವನ ಹೊಟ್ಟೆಗಿಂತ ಹೆಚ್ಚಾಗಿ ಅವನ ಜೊತೆ ಉಂಡು ಬಾಳುವವರ ಮಿದುಳಿನ ರಕ್ಷಣೆಗೆ. ಆ ಹೆಸರನ್ನು ಊಟದ ಪದ್ಧತಿ ನೋಡಿ ಊಹಿಸಲಾಗದು, ಮಲದಲ್ಲಿನ ಮೊಟ್ಟೆ ನೋಡಿ ಓದಲೂ ಆಗದು.

ಈ ಮಾತನ್ನು ದಕ್ಷಿಣ ಕೊಡಗಿನ ಬಾಳೆಲೆಯಂಥ ಊರನ್ನು ಕಣ್ಮುಂದೆ ಇಟ್ಟುಕೊಂಡು ಯೋಚಿಸುವುದು ಒಳ್ಳೆಯದು. ನಾಗರಹೊಳೆ ಕಾಡಿನ ಅಂಚಿನ ಈ ಸೀಮೆಯಲ್ಲಿ ಕಾಫಿ ತೋಟ, ಭತ್ತದ ಗದ್ದೆ, ಕೊಡವರ ಐನ್‌ಮನೆ, ತೋಟದ ಲೈನ್‌ಮನೆ, ಯರವರ ಮತ್ತು ಕುರುಬರ ಹಾಡಿಗಳು ಒಂದಕ್ಕೊಂದು ಹತ್ತಿರದಲ್ಲೇ ಇವೆ. ಹಂದಿಮಾಂಸ ಇಲ್ಲಿ ಮರ್ಯಾದೆಯ ಊಟ: ಸೆಪ್ಟೆಂಬರ್ ಆರಂಭದ ಹಬ್ಬವಾದ ಕೈಲ್‌ಪೊಳ್ದ್‌ಗೆ ಕಡಂಬುಟ್ಟು, ಪಂದಿ ಕರಿ ಇಲ್ಲದ ಕೊಡವ ಮನೆ ಅಪರೂಪ. ಹೀಗಾಗಿ ಇಂಥ ಊರಿನಲ್ಲಿ ಯಾರಿಗಾದರೂ ಲಾಡಿಹುಳುವಿನ ಖಂಡ ಬಿದ್ದರೆ, ಹಂದಿ ತಿನ್ನುವವರು, ಆದ್ದರಿಂದ ಹಂದಿಯ ಹುಳುವೇ ಇರಬೇಕು ಎಂದು ತೀರ್ಮಾನಿಸುವುದು ಬಹಳ ಸುಲಭ. ಈ ತರ್ಕದಲ್ಲಿ ಎರಡು ಕಡೆ ಬಿರುಕಿದೆ. ಹಂದಿಗೆ ಸೋಲಿಯಂ ಸೋಂಕು ತಗಲಬೇಕಾದರೆ ಅದು ಮನುಷ್ಯರ ಮಲವನ್ನು, ಇಲ್ಲವೇ ಮಲ ತಾಗಿದ ಮೇವನ್ನು ತಿಂದಿರಬೇಕು. ಗೂಡಿನಲ್ಲಿ ಕಟ್ಟಿಹಾಕಿ, ತೌಡು, ಅಡುಗೆಯ ಮಿಕ್ಕಿದ್ದು ಹಾಕಿ ಸಾಕಿದ ಹಂದಿಗೆ ಆ ಅವಕಾಶ ತೀರ ಕಡಿಮೆ. ಇನ್ನೊಂದು, ಮಾಂಸದಲ್ಲಿ ಹುಳುವಿನ ಮರಿಗಳ ಗುಳ್ಳೆಗಳಿದ್ದರೂ ಒಳತನಕ 60 ಡಿಗ್ರಿ ಸೆಲ್ಸಿಯಸ್ ದಾಟುವಂತೆ ಬೇಯಿಸಿದರೆ ಅವು ಸಾಯುತ್ತವೆ. ಹೊತ್ತುಗಟ್ಟಲೆ ಒಲೆಯ ಮೇಲಿದ್ದು, ಕೊನೆಗೆ ಕಾಚಂಪುಳಿಯ ಹುಳಿ ಬಿದ್ದು ಕಪ್ಪಾಗುವ ಪಂದಿ ಕರಿಯಲ್ಲಿ ಜೀವಂತ ಗುಳ್ಳೆ ಉಳಿಯುವ ಸಂಭವ ತೀರ ಕಡಿಮೆ. ಒಲೆಯ ಹೊಗೆಯಲ್ಲಿ ಒಣಗಿಸಿದ ತುಂಡು, ಅರೆಬೆಂದ ಸುಟ್ಟ ಮಾಂಸ ಬೇರೆ ಮಾತು, ಅಪಾಯವಿದ್ದರೆ ಅಲ್ಲಿದೆ. ಅದೇ ಹೊತ್ತಿಗೆ, ಸಂಪ್ರದಾಯದಂತೆ ದನದ ಮಾಂಸ ಮುಟ್ಟದ ಮನೆಗಳ ಪಕ್ಕದಲ್ಲೇ ಅದನ್ನು ತಿನ್ನುವ ಮನೆಗಳೂ ಇವೆ. ಗಡಿಯಾಚೆ ವಯನಾಡು ಇದೆ. ಅಸ್ಸಾಂ, ಬಂಗಾಳದಿಂದ ತೋಟದ ಕೆಲಸಕ್ಕೆ ಬಂದವರು ತಮ್ಮೂರಿನ ಊಟದ ಚರಿತ್ರೆಯನ್ನೂ ಜೊತೆಗೆ ತಂದಿರುತ್ತಾರೆ. ಲಾಡಿಹುಳು ಕರುಳಿನಲ್ಲಿ ವರ್ಷಗಟ್ಟಲೆ ಬದುಕುವುದರಿಂದ, ಇವತ್ತು ಬಿದ್ದ ಖಂಡಕ್ಕೆ ಕಾರಣವಾದ ಊಟ ಎಲ್ಲಿ, ಯಾವಾಗ ಆಯಿತೆಂದು ಹೇಳಲಾಗದು. ಆಹಾರದ ವಿವರ ಒಂದು ಸುಳಿವು, ಅಷ್ಟೇ.

ಇಷ್ಟಕ್ಕೂ ಹೆಸರು ಯಾಕೆ ಬೇಕು ಎಂಬುದಕ್ಕೆ ಉತ್ತರ ಸೋಲಿಯಂ ಹುಳುವಿನ ಬಾಳಿನಲ್ಲಿದೆ. ಸಾಮಾನ್ಯ ಕ್ರಮದಲ್ಲಿ ಮನುಷ್ಯನ ಮಲದ ಮೊಟ್ಟೆಯನ್ನು ಹಂದಿ ನುಂಗುತ್ತದೆ. ಮೊಟ್ಟೆಯಿಂದ ಹೊರಬಂದ ಆರು ಕೊಕ್ಕೆಯ ಭ್ರೂಣ ಕರುಳನ್ನು ಕೊರೆದು, ರಕ್ತದಲ್ಲಿ ಸಾಗಿ, ಸ್ನಾಯುಗಳಲ್ಲಿ ಗುಳ್ಳೆಯಾಗಿ ನಿಲ್ಲುತ್ತದೆ. ಆ ಗುಳ್ಳೆಯನ್ನು ಅರೆಬೆಂದ ಮಾಂಸದೊಡನೆ ತಿಂದವನ ಕರುಳಿನಲ್ಲಿ ಅದು ಹುಳುವಾಗುತ್ತದೆ. ಜರ್ಮನಿಯ ವೈದ್ಯ ಕ್ಯೂಕೆನ್‌ಮೈಸ್ಟರ್ 1855ರಲ್ಲಿ ಮರಣದಂಡನೆಗೆ ಗುರಿಯಾದ ಕೈದಿಗೆ, ಅವನಿಗೆ ತಿಳಿಯದಂತೆ, ಇಂಥ ಗುಳ್ಳೆಗಳನ್ನು ತಿನ್ನಿಸಿ, ಸತ್ತ ಮೇಲೆ ಕರುಳಿನಲ್ಲಿ ಎಳೆಯ ಹುಳುಗಳನ್ನು ಕಂಡು ಈ ಕೊಂಡಿಯನ್ನು ಸ್ಥಾಪಿಸಿದ. ನೀತಿಯ ದೃಷ್ಟಿಯಿಂದ ಒಪ್ಪಲಾಗದ ಪ್ರಯೋಗವದು. ವಿಜ್ಞಾನ ಮಾತ್ರ ಅದರ ಫಲವನ್ನು ಉಳಿಸಿಕೊಂಡಿತು. ಸೋಲಿಯಂ ಹುಳುವಿನ ಅಪಾಯ ಈ ಕ್ರಮ ತಪ್ಪಿದಾಗ ಎದ್ದು ನಿಲ್ಲುತ್ತದೆ. ಅದರ ಮೊಟ್ಟೆಯನ್ನು ಹಂದಿಯ ಬದಲು ಮನುಷ್ಯನೇ ನುಂಗಿದರೆ, ಗುಳ್ಳೆಗಳು ಅವನ ಸ್ನಾಯು, ಕಣ್ಣು, ಮಿದುಳುಗಳಲ್ಲಿ ನೆಲೆಸುತ್ತವೆ. ಮಿದುಳಿನಲ್ಲಿ ಕೂತ ಗುಳ್ಳೆಯಿಂದ ಫಿಟ್ಸ್ ಬರುತ್ತದೆ. ಸ್ಯಾಜಿನೇಟದ ಮೊಟ್ಟೆ ಮನುಷ್ಯನಿಗೆ ಹೀಗೆ ಮಾಡುವುದಿಲ್ಲ. ಎರಡೂ ಹುಳುಗಳು ಹೊಟ್ಟೆಯಲ್ಲಿರುವಾಗ ಕೊಡುವ ತೊಂದರೆ ಬಹುಮಟ್ಟಿಗೆ ಒಂದೇ: ಹೊಟ್ಟೆನೋವು, ಹಸಿವಿನ ಏರುಪೇರು, ಇಲ್ಲವೇ ಏನೂ ಇಲ್ಲ. ಆದರೆ ಒಂದು ಹುಳು ಮನೆಯೊಳಗಿದ್ದರೆ ಆ ಅಡುಗೆಮನೆಯ ಅನ್ನ ಉಣ್ಣುವ ಎಲ್ಲರೂ ಅಪಾಯದಲ್ಲಿರುತ್ತಾರೆ, ಇನ್ನೊಂದಿದ್ದರೆ ಇಲ್ಲ.

ಇದು ಬರಿಯ ತರ್ಕವಲ್ಲ ಎಂಬುದಕ್ಕೆ ಪುರಾವೆ ನಮ್ಮ ಸುತ್ತಲೇ ಇದೆ. ಭಾರತದಲ್ಲಿ ಈ ಗುಳ್ಳೆರೋಗದ ಮೊದಲ ವರದಿ ಎಂದು ಹೇಳಲಾಗುವುದು 1888ರಲ್ಲಿ ಮದರಾಸಿನಲ್ಲಿ ಫಿಟ್ಸ್‌ನಿಂದ ಸತ್ತ ಒಬ್ಬ ಕೂಲಿಯದು. ಇಂಗ್ಲೆಂಡಿನಲ್ಲಿ ಡಿಕ್ಸನ್ ಮತ್ತು ಲಿಪ್ಸ್‌ಕೂಂಬ್ 1961ರಲ್ಲಿ ಪ್ರಕಟಿಸಿದ 450 ರೋಗಿಗಳ ಅಧ್ಯಯನದಲ್ಲಿ ಬಹುಪಾಲು ಜನ ಭಾರತದಲ್ಲಿ ಸೇವೆ ಮಾಡಿ ಹಿಂದಿರುಗಿದ ಸೈನಿಕರು; ಸೋಂಕು ತಗಲಿ ವರ್ಷಗಳಾದ ಮೇಲೆ ಅವರಿಗೆ ಫಿಟ್ಸ್ ಶುರುವಾಗಿತ್ತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಕಥೆ ಇನ್ನೂ ಪಾಠ ಕಲಿಸುವಂಥದು. ಸಿ.ಟಿ. ಸ್ಕ್ಯಾನ್ ಬಂದ ಮೇಲೆ ಫಿಟ್ಸ್ ಬಂದ ಭಾರತೀಯರ ಮಿದುಳಿನಲ್ಲಿ ಒಂಟಿ ಸಣ್ಣ ಮಚ್ಚೆಯೊಂದು ಮತ್ತೆ ಮತ್ತೆ ಕಾಣತೊಡಗಿತು. ಅದನ್ನು ಕ್ಷಯದ ಗಂಟೆಂದು ನಂಬಿ ಎಷ್ಟೋ ಜನರಿಗೆ ತಿಂಗಳುಗಟ್ಟಲೆ ಕ್ಷಯದ ಔಷಧಿ ಕೊಡಲಾಯಿತು. ಚಾಂಡಿ, ರಾಜಶೇಖರ್ ಮತ್ತು ಸಂಗಡಿಗರು ಆ ಮಚ್ಚೆಗಳನ್ನು ತೆಗೆದು ಸೂಕ್ಷ್ಮದರ್ಶಕದಡಿ ನೋಡಿ, ಅವುಗಳಲ್ಲಿ ಅನೇಕವು ಲಾಡಿಹುಳುವಿನ ಗುಳ್ಳೆಗಳೆಂದು 1989ರಲ್ಲಿ ತೋರಿಸಿದರು. ಸರಿಯಾದ ಗುರುತು ಸಿಗದೆ ಹೋದರೆ ಒಂದು ದೇಶದ ವೈದ್ಯಕೀಯವೇ ತಪ್ಪು ದಾರಿಯಲ್ಲಿ ನಡೆಯಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಡ. ಮುಂದೆ ವೆಲ್ಲೂರು ಜಿಲ್ಲೆಯ ಜನಸಮೀಕ್ಷೆಯಲ್ಲಿ ಸಕ್ರಿಯ ಮೂರ್ಛೆರೋಗಿಗಳಲ್ಲಿ ಸುಮಾರು ಮೂರನೇ ಒಂದು ಪಾಲಿನವರಿಗೆ ಮಿದುಳಿನ ಗುಳ್ಳೆರೋಗವೇ ಕಾರಣವೆಂದು ಕಂಡುಬಂತು. ಕರ್ನಾಟಕದಲ್ಲಿ ನಿಮ್ಹಾನ್ಸ್ ಬೆಂಗಳೂರಿನ ನಗರ ಮತ್ತು ಹಳ್ಳಿಗಳ ಒಂದು ಲಕ್ಷಕ್ಕೂ ಹೆಚ್ಚು ಜನರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಮೂರ್ಛೆರೋಗ ಸಾವಿರಕ್ಕೆ 8.8, ನಗರದಲ್ಲಿ 5.7, ಹಳ್ಳಿಗಳಲ್ಲಿ 11.9. ಹಳ್ಳಿಯ ಅಂಕಿ ಇಮ್ಮಡಿಯಾಗಿರುವುದಕ್ಕೆ ಕಾರಣಗಳು ಹಲವಿರಬಹುದು, ಎಲ್ಲವನ್ನೂ ಲಾಡಿಹುಳುವಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ತಡೆಯಬಹುದಾದ ಕಾರಣಗಳ ಸಾಲಿನಲ್ಲಿ ಇದು ಮುಂದಿದೆ.

ಹಾಗಾದರೆ ಗುರುತಿಸುವುದು ಹೇಗೆ? ಎಲ್ಲಕ್ಕಿಂತ ಖಚಿತವಾದ ಸಾಕ್ಷಿ ತಲೆ. ಸೋಲಿಯಂ ತಲೆಯಲ್ಲಿ ನಾಲ್ಕು ಹೀರುಬಟ್ಟಲುಗಳ ಜೊತೆಗೆ, ನೆತ್ತಿಯ ಉಬ್ಬಿನ ಸುತ್ತ ಎರಡು ಸಾಲಿನಲ್ಲಿ 22ರಿಂದ 32 ಕೊಕ್ಕೆಗಳಿರುತ್ತವೆ. ಸ್ಯಾಜಿನೇಟದ ತಲೆಯಲ್ಲಿ ಹೀರುಬಟ್ಟಲುಗಳು ಮಾತ್ರ, ಕೊಕ್ಕೆ ಇಲ್ಲ. ಆದರೆ ತಲೆ ಕೈಗೆ ಸಿಗುವುದು ಅಪರೂಪ. ಔಷಧಿ ತಾಗಿದ ಹುಳು ಕರುಳಿನಲ್ಲೇ ಕರಗಿ ಚೂರಾಗುತ್ತದೆ, ಭೇದಿಯ ದ್ರಾವಣ ಕುಡಿಸಿ ಕರುಳನ್ನು ತೊಳೆದರೆ ಮಾತ್ರ ತಲೆ ಸಿಗುವ ಸಾಧ್ಯತೆ ಹೆಚ್ಚುತ್ತದೆ. ಹೀಗಾಗಿ ಕೆಲಸಕ್ಕೆ ಬರುವುದು ತಾನಾಗಿ ಬಿದ್ದ ಬಲಿತ ಖಂಡ. ಅದನ್ನು ಎರಡು ಗಾಜಿನ ಸ್ಲೈಡುಗಳ ನಡುವೆ ಒತ್ತಿ, ಬದಿಯ ಜನನರಂಧ್ರದ ಮೂಲಕ ಇಂಡಿಯಾ ಇಂಕ್ ಚುಚ್ಚಿದರೆ, ಇಲ್ಲವೇ ಕಾರ್ಮೈನ್ ಬಣ್ಣ ಹಾಕಿದರೆ, ನಡುವಿನ ಗರ್ಭಕೋಶ ಮತ್ತು ಅದರ ಎರಡೂ ಮಗ್ಗುಲಿನ ಕವಲುಗಳು ಎದ್ದು ಕಾಣುತ್ತವೆ. ಕವಲುಗಳನ್ನು ಕಾಂಡದಿಂದ ಹೊರಡುವ ಜಾಗದಲ್ಲೇ ಎಣಿಸಬೇಕು, ತುದಿಯಲ್ಲಿ ಎಣಿಸಿದರೆ ಮರಿಕವಲುಗಳೂ ಲೆಕ್ಕಕ್ಕೆ ಸೇರಿ ಎಣಿಕೆ ಕೆಡುತ್ತದೆ. ಒಂದು ಮಗ್ಗುಲಿಗೆ 7ರಿಂದ 13 ಇದ್ದರೆ ಸೋಲಿಯಂ. 15ಕ್ಕಿಂತ ಹೆಚ್ಚು, 30ರವರೆಗೆ ಇದ್ದರೆ ಸ್ಯಾಜಿನೇಟ. ನಡುವಿನ ಎಣಿಕೆ ಬಂದಾಗ ಒಂದೇ ಖಂಡದ ಮೇಲೆ ತೀರ್ಪು ಕೊಡಬಾರದು. ಹಲವು ಖಂಡ ನೋಡಬೇಕು. ಇನ್ನೂ ಬಲಿಯದ ಖಂಡ ಸಿಕ್ಕರೆ ಬೇರೆ ಗುರುತುಗಳಿವೆ: ಸೋಲಿಯಂ ಅಂಡಾಶಯಕ್ಕೆ ಎರಡು ದೊಡ್ಡ ಹಾಲೆಗಳ ಜೊತೆ ಮೂರನೆಯ ಪುಟ್ಟ ಹಾಲೆ ಇರುತ್ತದೆ, ಸ್ಯಾಜಿನೇಟದಲ್ಲಿ ಅದಿಲ್ಲ, ಸ್ಯಾಜಿನೇಟದ ಯೋನಿನಾಳದಲ್ಲಿ ಬಿಗಿಸ್ನಾಯುವಿನ ಬಳೆ ಇರುತ್ತದೆ, ಸೋಲಿಯಂನಲ್ಲಿ ಇಲ್ಲ. ರೋಗಿಯ ಮಾತಿಗೂ ಬೆಲೆಯಿದೆ. ಸ್ಯಾಜಿನೇಟದ ಖಂಡಗಳು ಚುರುಕು. ಒಂಟಿಯಾಗಿ, ಮಲವಿಸರ್ಜನೆಯ ಹೊತ್ತಲ್ಲದೆಯೂ ತಾವೇ ತೆವಳಿ ಹೊರಬಂದು ಬಟ್ಟೆಗೆ ಅಂಟುತ್ತವೆ. ಸೋಲಿಯಂ ಖಂಡಗಳು ನಾಲ್ಕೈದು ಒಟ್ಟಾಗಿ ಸರದಂತೆ, ಮಲದೊಡನೆ ಬೀಳುತ್ತವೆ. ಈ ಕಾರಣಕ್ಕೇ ಸ್ಯಾಜಿನೇಟ ಹೊತ್ತವರು ಬೇಗ ವೈದ್ಯರ ಬಳಿ ಬರುತ್ತಾರೆ, ಸೋಲಿಯಂ ಹೊತ್ತವರಿಗೆ ಎಷ್ಟೋ ಸಲ ವಿಷಯವೇ ತಿಳಿದಿರುವುದಿಲ್ಲ. ಅಪಾಯದ ಹುಳುವೇ ಹೆಚ್ಚು ಮೌನಿಯಾಗಿರುವುದು ಈ ರೋಗದ ದೊಡ್ಡ ತೊಡಕು.

ಮೊಟ್ಟೆಯ ವಿಷಯಕ್ಕೆ ಬಂದರೆ, ಮಲಪರೀಕ್ಷೆಯ ವರದಿಯಲ್ಲಿ ಟೀನಿಯಾ ಮೊಟ್ಟೆಗಳು ಕಂಡುಬಂದಿವೆ ಎಂದಷ್ಟೇ ಬರೆದಿರುವುದನ್ನು ಅರೆಕೊರೆ ಕೆಲಸವೆಂದು ದೂರುವಂತಿಲ್ಲ. ಪ್ರಾಮಾಣಿಕ ಸೂಕ್ಷ್ಮದರ್ಶಕ ಅದಕ್ಕಿಂತ ಹೆಚ್ಚು ಹೇಳಲಾರದು. ಟೀನಿಯಾ ಕುಲದ ಎಲ್ಲ ಮೊಟ್ಟೆಗಳೂ ದುಂಡಗೆ, 30ರಿಂದ 43 ಮೈಕ್ರಾನ್ ಗಾತ್ರದಲ್ಲಿ, ಚಕ್ರದ ಅರೆಗಳಂಥ ಗೆರೆಗಳಿರುವ ದಪ್ಪ ಕಂದು ಚಿಪ್ಪಿನೊಳಗೆ ಆರು ಕೊಕ್ಕೆಯ ಭ್ರೂಣವನ್ನು ಇಟ್ಟುಕೊಂಡಿರುತ್ತವೆ. ಕ್ಷಯದ ಕ್ರಿಮಿಗೆ ಹಾಕುವ ಜೀಲ್–ನೀಲ್ಸನ್ ಬಣ್ಣವನ್ನು ಸ್ಯಾಜಿನೇಟದ ಚಿಪ್ಪು ಹಿಡಿಯುತ್ತದೆ, ಸೋಲಿಯಂ ಚಿಪ್ಪು ಹಿಡಿಯುವುದಿಲ್ಲ ಎಂಬ ಉಪಾಯವೊಂದಿದೆ. ಆದರೆ ಮೊಟ್ಟೆ ಎಷ್ಟು ಬಲಿತಿದೆ ಎಂಬುದರ ಮೇಲೆ ಫಲ ಬದಲಾಗುವುದರಿಂದ ಅದೊಂದನ್ನೇ ನಂಬಲಾಗದು. ಉಳಿದ ಲಾಡಿಹುಳುಗಳ ವಿಷಯದಲ್ಲಿ ಮಾತ್ರ ಮೊಟ್ಟೆಯೇ ಸಾಕ್ಷಿ. ಕುಬ್ಜ ಲಾಡಿಹುಳುವಿನ ಮೊಟ್ಟೆಯ ಒಳಪೊರೆಯ ಎರಡು ತುದಿಗಳಿಂದ ಸಣ್ಣ ಎಳೆಗಳು ಹೊರಡುತ್ತವೆ. ಇಲಿಯ ಲಾಡಿಹುಳುವಿನ ಮೊಟ್ಟೆ ಅದಕ್ಕಿಂತ ದೊಡ್ಡದು, ಎಳೆಗಳಿಲ್ಲ. ಮೀನಿನ ಹುಳುವಿನ ಮೊಟ್ಟೆಗೆ ಒಂದು ತುದಿಯಲ್ಲಿ ಮುಚ್ಚಳವಿರುತ್ತದೆ. ಭಾರತದಲ್ಲಿ ಈ ಹುಳುವಿನ ಮೊದಲ ವರದಿ 1998ರಲ್ಲಿ ವೆಲ್ಲೂರಿನಿಂದ ಬಂತು. ನಾಯಿಯ ಚಿಗಟದಿಂದ ಮಕ್ಕಳಿಗೆ ತಗಲುವ ಡಿಪೈಲಿಡಿಯಂ ಹುಳುವಿನ ಖಂಡಕ್ಕೆ ಎರಡೂ ಬದಿಯಲ್ಲಿ ಜನನರಂಧ್ರವಿರುತ್ತದೆ, ಮೊಟ್ಟೆಗಳು ಗೊಂಚಲಾಗಿ ಸಿಗುತ್ತವೆ. ಕೋತಿಗಳ ಬರ್ಟಿಯೆಲ್ಲಾ ಹುಳು ಮಣ್ಣಿನ ನುಸಿಯ ಮೂಲಕ ಮನುಷ್ಯರಿಗೆ ಬರುವುದುಂಟು, ಭಾರತದಲ್ಲೂ ಅಂಥ ಪ್ರಕರಣಗಳು ದಾಖಲಾಗಿವೆ. ಕೋತಿಗಳು ಮನೆಯಂಗಳಕ್ಕೇ ಬರುವ ಕಾಡಂಚಿನ ಊರುಗಳ ವೈದ್ಯರು ನೆನಪಿಡಬೇಕಾದ ಹೆಸರಿದು.

ಏಷಿಯಾಟಿಕ ಈ ಚೊಕ್ಕ ವಿಂಗಡಣೆಯನ್ನು ಕಲಕಿದೆ. ಕೊರಿಯಾದ ಇಯೋಮ್ ಮತ್ತು ರಿಮ್ 1993ರಲ್ಲಿ ಬೇರೆ ಪ್ರಭೇದವೆಂದು ಹೆಸರಿಟ್ಟ ಇದು ಬರುವುದು ಹಂದಿಯಿಂದ, ಹೋಲುವುದು ದನದ ಹುಳುವನ್ನು. ಕೊಕ್ಕೆಯಿಲ್ಲದ ತಲೆ, ಹೆಚ್ಚು ಕವಲಿನ ಗರ್ಭಕೋಶ. ಉತ್ತರ ಭಾರತದಿಂದಲೂ ಇದರ ವರದಿ ಬಂದಿದೆ. ಹಂದಿ ಮಾತ್ರ ತಿನ್ನುವವರಲ್ಲಿ ಸ್ಯಾಜಿನೇಟದಂಥ ಖಂಡ ಕಂಡರೆ ರೋಗಿ ಸುಳ್ಳು ಹೇಳುತ್ತಿದ್ದಾನೆಂದು ಭಾವಿಸುವ ಮೊದಲು ಈ ಹುಳುವನ್ನು ನೆನೆಯಬೇಕು. ಇದನ್ನು ಬೇರ್ಪಡಿಸಲು ಡಿ.ಎನ್.ಎ. ಪರೀಕ್ಷೆ ಬೇಕು. ಮೈಟೊಕಾಂಡ್ರಿಯದ ಕಾಕ್ಸ್–1 ಜೀನನ್ನು ಆಧರಿಸಿದ ಪಿ.ಸಿ.ಆರ್. ಮೂರೂ ಪ್ರಭೇದಗಳನ್ನು ಬೇರ್ಪಡಿಸುತ್ತದೆ. ಆದರೂ ಅದೇ ಅಂತಿಮ ಮಾತಲ್ಲ: ಸ್ಯಾಜಿನೇಟ ಮತ್ತು ಏಷಿಯಾಟಿಕ ಪರಸ್ಪರ ಬೆರೆತು ಮಿಶ್ರತಳಿಗಳಾಗಿರುವುದು ಕೋಶಕೇಂದ್ರದ ಜೀನುಗಳನ್ನು ನೋಡಿದಾಗ ತಿಳಿದುಬಂದಿದೆ, ಮೈಟೊಕಾಂಡ್ರಿಯ ಒಂದನ್ನೇ ನೋಡಿದರೆ ಅದು ಕಾಣುವುದಿಲ್ಲ.

ಇಷ್ಟೆಲ್ಲ ಶ್ರಮಕ್ಕೆ ಬರುವ ಮೊದಲ ಆಕ್ಷೇಪ ಚಿಕಿತ್ಸೆಯದು. ಹುಳು ಯಾವುದಾದರೂ ಔಷಧಿ ಒಂದೇ, ಒಂದು ಸಲದ ಪ್ರಾಜಿಕ್ವಾಂಟೆಲ್ ಅಥವಾ 2 ಗ್ರಾಂ ನಿಕ್ಲೋಸಮೈಡ್; ಮತ್ತೆ ಹೆಸರು ಯಾಕೆ? ಆಕ್ಷೇಪದ ಮೊದಲರ್ಧ ನಿಜ. ಆದರೆ ಪ್ರಾಜಿಕ್ವಾಂಟೆಲ್ ರಕ್ತಕ್ಕೆ ಸೇರಿ ಮಿದುಳನ್ನೂ ತಲುಪುತ್ತದೆ. ಸೋಲಿಯಂ ಹೊತ್ತವನ ಮಿದುಳಿನಲ್ಲಿ ಸುಮ್ಮನಿದ್ದ ಗುಳ್ಳೆಯಿದ್ದರೆ ಅದು ಕೆರಳಿ ಫಿಟ್ಸ್ ಬರಬಹುದು. ನಿಕ್ಲೋಸಮೈಡ್ ಕರುಳಿನಲ್ಲೇ ಉಳಿಯುವುದರಿಂದ ಆ ಭಯವಿಲ್ಲ. ಅಂದರೆ ಔಷಧಿಯ ಆಯ್ಕೆಯಲ್ಲೇ ಹೆಸರಿಗೆ ಪಾತ್ರವಿದೆ. ಅದಕ್ಕಿಂತ ಮುಖ್ಯವಾದದ್ದು ಮಾತ್ರೆ ಕೊಟ್ಟ ನಂತರದ ಕೆಲಸ. ಸ್ಯಾಜಿನೇಟ ಎಂದಾದರೆ ಚಿಕಿತ್ಸೆ ಅಲ್ಲಿಗೆ ಮುಗಿಯುತ್ತದೆ. ಸೋಲಿಯಂ ಎಂದಾದರೆ ಮನೆಯವರೆಲ್ಲರ ಮಲಪರೀಕ್ಷೆ ಆಗಬೇಕು, ಯಾರಿಗಾದರೂ ಫಿಟ್ಸ್ ಬಂದಿತ್ತೇ, ಚರ್ಮದಡಿ ಗಂಟುಗಳಿವೆಯೇ ಎಂದು ವಿಚಾರಿಸಬೇಕು, ರೋಗಿ ಎಲ್ಲಿ ಅಡುಗೆ ಮಾಡುತ್ತಾನೆ, ಯಾರಿಗೆ ಬಡಿಸುತ್ತಾನೆ ಎಂದು ಕೇಳಬೇಕು. 1992ರಲ್ಲಿ ಪ್ರಕಟವಾದ ನ್ಯೂಯಾರ್ಕಿನ ಪ್ರಕರಣ ಇದಕ್ಕೆ ಪ್ರಸಿದ್ಧ ಉದಾಹರಣೆ: ಧರ್ಮನಿಷ್ಠ ಯೆಹೂದಿ ಸಮುದಾಯದ, ಹಂದಿಮಾಂಸವನ್ನು ಎಂದೂ ಮುಟ್ಟದ ನಾಲ್ವರಿಗೆ ಮಿದುಳಿನಲ್ಲಿ ಸೋಲಿಯಂ ಗುಳ್ಳೆಗಳು ಕಂಡವು, ಮೂಲ ಹುಡುಕಿದಾಗ ಅನುಮಾನ ಹೋದದ್ದು ಲ್ಯಾಟಿನ್ ಅಮೆರಿಕದಿಂದ ಬಂದು ಅವರ ಮನೆಗೆಲಸ ಮಾಡುತ್ತಿದ್ದವರ ಕಡೆಗೆ. ಭಾರತದಲ್ಲೂ ಮಿದುಳಿನ ಗುಳ್ಳೆರೋಗದಿಂದ ನರಳುವವರಲ್ಲಿ ಸಸ್ಯಾಹಾರಿಗಳು ಧಾರಾಳವಾಗಿದ್ದಾರೆ. ಹಂದಿ ತಿಂದವನ ಕರುಳಿಗೆ ಹುಳು, ಅವನ ತೊಳೆಯದ ಕೈಯಿಂದ ಉಂಡವನ ಮಿದುಳಿಗೆ ಗುಳ್ಳೆ. ಕೊಡುವವನು ಒಬ್ಬ, ನೋಯುವವನು ಇನ್ನೊಬ್ಬ.

ಎರಡನೆಯ ಆಕ್ಷೇಪ ಸೌಲಭ್ಯದ್ದು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗರ್ಭಕೋಶದ ಕವಲು ಎಣಿಸುವವರು ಯಾರು, ಪಿ.ಸಿ.ಆರ್. ಎಲ್ಲಿದೆ? ನ್ಯಾಯವಾದ ಪ್ರಶ್ನೆ. ಆದರೆ ಹಳ್ಳಿಯಲ್ಲಿ ಆಗಬೇಕಾದ ಕೆಲಸ ಗುರುತಿಸುವುದಲ್ಲ, ಸಾಕ್ಷಿಯನ್ನು ಕೆಡದಂತೆ ಉಳಿಸುವುದು. ಬಿದ್ದ ಖಂಡವನ್ನು ಬರಿಗೈಯಲ್ಲಿ ಮುಟ್ಟದೆ, ಏಕೆಂದರೆ ಒಂದೇ ಸೋಲಿಯಂ ಖಂಡದಲ್ಲಿ ಸುಮಾರು 50,000 ಮೊಟ್ಟೆಗಳಿರಬಹುದು, ಬಾಯಿ ಬಿಗಿಯಾದ ಶೀಶೆಯಲ್ಲಿ 70 ಪ್ರತಿಶತ ಆಲ್ಕೊಹಾಲಿನಲ್ಲಿ ಹಾಕಿ, ಹೆಸರು ಮತ್ತು ದಿನಾಂಕ ಬರೆದರೆ ಸಾಕು. ಫಾರ್ಮಲಿನ್‌ನಲ್ಲಿ ಹಾಕಬಾರದು, ಆಕಾರ ಉಳಿದರೂ ಡಿ.ಎನ್.ಎ. ಕೆಡುತ್ತದೆ. ಅಲ್ಲಿಂದ ಮುಂದಿನದು 2016ರಲ್ಲಿ ಶುರುವಾದ ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಂಥ ಬೋಧಕ ಆಸ್ಪತ್ರೆಗಳು ಮಾಡಬಲ್ಲ ಕೆಲಸ. ಕವಲು ಎಣಿಸಲು ಬೇಕಾಗುವುದು ಸ್ಲೈಡು, ಶಾಯಿ, ಸಾಧಾರಣ ಸೂಕ್ಷ್ಮದರ್ಶಕ. ಅದಕ್ಕೂ ಮೀರಿದ ಅನುಮಾನ ಉಳಿದರೆ ಮಾತ್ರ ಮಾದರಿ ಇನ್ನೂ ಮುಂದಕ್ಕೆ ಹೋಗಬೇಕು. ಖಂಡವೇ ಸಿಗದವರ ಮಲದಲ್ಲಿ ಹುಳುವಿನ ಪ್ರತಿಜನಕ ಹುಡುಕುವ ಎಲೈಸಾ ಪರೀಕ್ಷೆ ಮೊಟ್ಟೆ ಹುಡುಕುವುದಕ್ಕಿಂತ ಎಷ್ಟೋ ಸೂಕ್ಷ್ಮವಾದದ್ದು. ಅದೂ ಸಾಮಾನ್ಯವಾಗಿ ಕುಲದ ಮಟ್ಟಕ್ಕೆ ನಿಲ್ಲುತ್ತದೆ, ಪ್ರಭೇದ ಹೇಳುವುದಿಲ್ಲ. ಶಾಲೆಗಳಲ್ಲಿ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಕೊಡುವ ಆಲ್ಬೆಂಡಜೋಲ್ ಮಾತ್ರೆಯಿಂದ ಈ ಸಮಸ್ಯೆ ತೀರುತ್ತದೆಂದು ನಂಬುವವರೂ ಇದ್ದಾರೆ. 2015ರಿಂದ ನಡೆದುಬಂದಿರುವ ಆ ಕಾರ್ಯಕ್ರಮ ಮಣ್ಣಿನಿಂದ ತಗಲುವ ದುಂಡುಹುಳು, ಕೊಕ್ಕೆಹುಳುಗಳಿಗೆಂದು, 19 ವರ್ಷದೊಳಗಿನವರಿಗೆಂದು ರೂಪಿಸಿದ್ದು. ಒಂದು ಮಾತ್ರೆಯ ಆಲ್ಬೆಂಡಜೋಲ್ ಟೀನಿಯಾ ಹುಳುವನ್ನು ಖಚಿತವಾಗಿ ಕೊಲ್ಲುವುದಿಲ್ಲ. ಲೈನ್‌ಮನೆಯ ವಯಸ್ಕ ಕೂಲಿ ಅದರ ವ್ಯಾಪ್ತಿಗೇ ಬರುವುದಿಲ್ಲ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಂಭೀರವಾದದ್ದು: ಹೆಸರು ಹಚ್ಚಿದರೆ ಬೆರಳು ತೋರಿಸುವುದು ಶುರುವಾಗುತ್ತದೆ. ಹಂದಿ ತಿನ್ನುವ ಸಮುದಾಯದ ಮೇಲೆ, ಹಾಡಿಯ ಮೇಲೆ, ಹೊರಗಿನಿಂದ ಬಂದ ಕಾರ್ಮಿಕರ ಮೇಲೆ ರೋಗದ ಹೊರೆ ಹೊರಿಸಲು ಇಂಥ ಮಾಹಿತಿ ನೆಪವಾಗಬಹುದು. ಈ ಭಯ ಕಲ್ಪಿತವಲ್ಲ. ಆದರೆ ಪ್ರಭೇದ ಪತ್ತೆ ಮಾಡದಿದ್ದರೆ ಬೆರಳು ನಿಲ್ಲುವುದಿಲ್ಲ, ಊಹೆಯ ದಿಕ್ಕಿನಲ್ಲಿ ಇನ್ನಷ್ಟು ಸಲೀಸಾಗಿ ಚಾಚುತ್ತದೆ. ಸರಿಯಾಗಿ ಗುರುತಿಸಿದಾಗ ತಿಳಿಯುವುದು ಒಂದು ಜನಾಂಗದ ಊಟದ ತಪ್ಪಲ್ಲ, ಒಂದು ಜಾಗದಲ್ಲಿ ಕಕ್ಕಸಿಲ್ಲ, ಹಂದಿಗಳು ಬಿಡಾಡಿಯಾಗಿವೆ ಎಂಬ ಸಂಗತಿ. ಲಕ್ನೋ ಬಳಿಯ ಹಂದಿ ಸಾಕುವ ಸಮುದಾಯದಲ್ಲಿ ಪ್ರಸಾದ್ ಮತ್ತು ಸಂಗಡಿಗರು 2007ರಲ್ಲಿ 18.6 ಪ್ರತಿಶತ ಜನರಲ್ಲಿ ಲಾಡಿಹುಳು ಸೋಂಕು ಕಂಡದ್ದು ಅಂಥ ಪರಿಸರದಲ್ಲೇ. ಅದೇ ಹಂದಿಯನ್ನು ಗೂಡಿನಲ್ಲಿ ಸಾಕಿ, ಚೆನ್ನಾಗಿ ಬೇಯಿಸಿ ಉಣ್ಣುವ ಕೊಡವ ಪದ್ಧತಿಯನ್ನು ಆ ಅಂಕಿಯಿಂದ ಅಳೆಯುವುದು ಅನ್ಯಾಯ. ಹುಳುವಿನ ಸರಪಣಿಯನ್ನು ಕಡಿಯಲು ಯಾರ ಊಟವನ್ನೂ ಬಿಡಿಸಬೇಕಾಗಿಲ್ಲ. ಪೆರು ದೇಶದ ತುಂಬೆಸ್ ಪ್ರದೇಶದಲ್ಲಿ ಜನರಿಗೆ ನಿಕ್ಲೋಸಮೈಡ್, ಹಂದಿಗಳಿಗೆ ಆಕ್ಸ್‌ಫೆಂಡಜೋಲ್ ಮತ್ತು ಟಿ.ಎಸ್.ಓ.ಎಲ್.–18 ಲಸಿಕೆ ಕೊಟ್ಟು, 107 ಹಳ್ಳಿಗಳಲ್ಲಿ 105ರಲ್ಲಿ ಸೋಂಕಿನ ಹರಿವನ್ನು ನಿಲ್ಲಿಸಿದ ವರದಿ 2016ರಲ್ಲಿ ಪ್ರಕಟವಾಯಿತು. ಆ ಹಂದಿ ಲಸಿಕೆಯನ್ನು ಈಗ ಹೈದರಾಬಾದಿನ ಇಂಡಿಯನ್ ಇಮ್ಯುನಲಾಜಿಕಲ್ಸ್ ಸಂಸ್ಥೆ ತಯಾರಿಸುತ್ತದೆ. ಲಸಿಕೆ ಕೆಲಸ ಮಾಡುವುದು ಸೋಲಿಯಂ ವಿರುದ್ಧ ಮಾತ್ರ. ಅದನ್ನು ಯಾವ ಊರಿನ ಹಂದಿಗೂಡಿಗೆ ಮೊದಲು ಒಯ್ಯಬೇಕೆಂದು ತೀರ್ಮಾನಿಸಬೇಕಾದರೆ, ಆ ಊರಿನವರ ಶೀಶೆಯಲ್ಲಿರುವ ಖಂಡದ ಕವಲುಗಳನ್ನು ಯಾರಾದರೂ ಎಣಿಸಿರಬೇಕು.